ನೀರು ಕೇಳದ ಗಿಡಗಳು

"ಗಿಡ ಆರಸೂದು ಒಂದು ಕಲಾ ಅದ! ಎಲ್ಲಾರಿಗೂ ಬರಂಗಿಲ್ಲ. ನನಗ ಬರ್ತದ!"

ಜೂನ್ ತಿಂಗಳ ಒಂದು ಶನಿವಾರ ಮುಂಜಾನೆ, ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಚಹಾದ ಕಪ್ಪನ್ನು ಖಡ್ಗದಂತೆ ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದೆ. ಅಲ್ಲಿಯವರೆಗೆ ನನ್ನ ಕೃಷಿ ಸಾಧನೆ ಎಂದರೆ ಮೂಗಿನ ಕೆಳಗೆ ಬೆಳೆಸಿದ ಮೀಸೆಯೊಂದೇ. ಅದೂ ಎಡಗಡೆ ಸ್ವಲ್ಪ ತೆಳು.

"ಹೋದ ವರ್ಷ ನೀವು ತಂದ ಮನಿಪ್ಲಾಂಟ್ ಬಾಟಲಿಯೊಳಗೇ ಒಣಗಿ ಸತ್ತದ," ಎಂದಳು ನನ್ನ ಹೆಂಡತಿ ಅಮೃತ. "ನೀರಾಗ ಇಡೂ ಗಿಡ ನೀರಿಲ್ಲದ ಸತ್ತಿದ್ದು ಇಡೀ ಕಲಬುರಗ್ಯಾಗ ನಮ್ಮನ್ಯಾಗ ಒಂದೇ!"

"ತಂದಿದ್ದು ನಾ. ಆರಿಸಿದ್ದು ನೀ!"

"ಹೌದ್ ಬಿಡ್ರಿ. ನಾ ಆರಿಸಿದ್ದು ಯಾವುದು ನೆಟ್ಟಗಾಗ್ಯದ?" ಎಂದು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ ಒಳಗೆ ಹೋದಳು.

ವಿಷಯ ಮಾತ್ರ ನಗುವಂಥದ್ದಾಗಿರಲಿಲ್ಲ. ಗಿಡ ಬೇಕಾಗಿದ್ದದ್ದು ನಮ್ಮತ್ತೆ ದುಂಡಮ್ಮನಿಗೆ. ದುಂಡಮ್ಮ ನನಗೆ ಎರಡು ಸಲ ಅತ್ತೆ. ಮೊದಲು ನಮ್ಮಪ್ಪನ ಒಡಹುಟ್ಟಿದ ತಂಗಿ, ಆಮೇಲೆ ಹೆಂಡತಿಯ ತಾಯಿ. ನಾನು ಚಡ್ಡಿ ಹಾಕದ ಕಾಲದಿಂದ ನೋಡಿದವಳಾದ್ದರಿಂದ ಅಳಿಯನ ಮರ್ಯಾದೆ ನನಗೆ ಒಂದು ದಿನವೂ ಸಿಕ್ಕಿಲ್ಲ. ಮಾಳಿಂಗರಾಯ ಎಂಬ ನನ್ನ ಭಾರಿ ಹೆಸರು ಅವಳ ಬಾಯಲ್ಲಿ 'ಮಾಳ್ಯಾ' ಆಗಿಯೇ ಉಳಿಯಿತು. ಊರು ಕಮಲಾಪುರ. ನಲವತ್ತು ವರ್ಷ ಮುಂಜಾನೆಯ ಮೊದಲ ಬಸ್ಸಿಗೆ ಹೂವಿನ ಬುಟ್ಟಿ ಹೊತ್ತು ಕಲಬುರಗಿಗೆ ಬಂದು, ಸೂಪರ್ ಮಾರ್ಕೆಟ್ಟಿನ ಒಂದು ಮೂಲೆಯಲ್ಲಿ ಕೂತು ಕಟ್ಟಿ ಮಾರಿದವಳು. ಮದುವೆಗೆ ದಂಡೆ, ದರ್ಗಾಕ್ಕೆ ಚಾದರ, ಹೆಣಕ್ಕೆ ಮಾಲೆ, ಎಲ್ಲವೂ ಅವಳ ಕೈಯಲ್ಲೇ ಆಗಬೇಕು. ಯಾವ ಹೂವು ಎಲ್ಲಿಗೆ ಸಲ್ಲುತ್ತದೆ ಎಂಬುದು ಅವಳಿಗೆ ಬಾಯಿಪಾಠ.

ಏಪ್ರಿಲ್‌ನಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ತಪಾಸಣೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೇ ಒಳಗೆ ಕರೆದು ರೋಗದ ಹೆಸರು ಹೇಳಿದರು. ಕ್ಯಾನ್ಸರ್. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವಳಿಗೆ ಅಮೃತ "ಹೊಟ್ಯಾಗ ಒಂದು ಗಂಟು ಆಗ್ಯದಂತ ಅವ್ವ, ಸಲಾಯಿನ್ ಹಚ್ಚಿ ಕರಗಸ್ತಾರಂತ" ಎಂದಳು.

"ನಲವತ್ತು ವರ್ಷ ಗಂಟು ಹಾಕೀನಲ್ಲ, ಒಂದು ತಪ್ಪಿ ಒಳಗ ಹೋಗ್ಯದ," ಎಂದು ದುಂಡಮ್ಮ ನಕ್ಕಳು.

ನಾವು ನಗಲಿಲ್ಲ. ಅವಳ ಅಕ್ಕ ಇದೇ ರೋಗದಿಂದ ತೀರಿಕೊಂಡಿದ್ದಳು. ಅಂದಿನಿಂದ ಆ ಹೆಸರು ಕಿವಿಗೆ ಬಿದ್ದರೆ ಸಾಕು, ದುಂಡಮ್ಮ ತಾಟಿನ ಮುಂದಿನಿಂದ ಎದ್ದುಬಿಡುತ್ತಿದ್ದಳು. "ಆ ರೋಗ ಬಂದ್ರ ನಾ ದವಾಖಾನಿ ಮೆಟ್ಲ ಹತ್ತಂಗಿಲ್ಲ, ಕಮಲಾಪುರದಾಗೇ ಬಿದ್ದು ಸಾಯ್ತೀನಿ" ಎಂದು ಎಲ್ಲರ ಮುಂದೆ ಹೇಳಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು! ಮೊದಲ ಕಿಮೋ ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಎಂದು ಗೊತ್ತಾಗಿತ್ತು. ಅಮೃತ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಹಾಕಿಸಿದಳು.

"ಆ ಹೆಸರು ನಿಮ್ಮ ಬಾಯಿಂದ ಹೊರಗ ಬರಬಾರದು. ಬಂದ್ರ ನಮ್ಮವ್ವನ್ನ ನೀವೇ ಕೊಂದಂಗ."

"ನನ್ನ ಬಾಯಿ ಅಂದ್ರ ಖಜಾನಿ ಇದ್ದಂಗ! ಬೀಗ ಹಾಕೀನಿ ತಿಳ್ಕೋ," ಎಂದೆ.

ಹೀಗೆ ಅತ್ತೆ ನಮ್ಮ ಮನೆಗೆ ಬಂದು ಮುಂದಿನ ಕೋಣೆಯಲ್ಲಿ ಮಲಗಿದಳು. ಕೇಳಿದ್ದು ಒಂದೇ. "ಮಾಳ್ಯಾ, ಗ್ವಾಡಿ ನೋಡಿ ನೋಡಿ ಬ್ಯಾಸರಾಗ್ಯದ. ಕಿಟಕ್ಯಾಗ ನಾಕು ಹೂವು ಕಾಣೂವಂಗ ಮಾಡೋ."

ಅದಕ್ಕೇ ಆ ಘೋಷಣೆ!

ಗಿಡ ಆರಿಸುವ ಮುನ್ನ ನಾನು ಸುದೀರ್ಘ ಚಿಂತನೆ ನಡೆಸಿದೆ. ನಾನು ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಕಡತದಲ್ಲಿ ಎಷ್ಟು ಟಿಎಂಸಿ ನೀರನ್ನಾದರೂ ಹರಿಸಬಲ್ಲೆ. ಒಂದು ಕೊಡ ಎತ್ತಿ ಗಿಡಕ್ಕೆ ಹಾಕು ಎಂದರೆ ಸೊಂಟ ಹಿಡಿಯುತ್ತದೆ. ಮೇಲಾಗಿ ನಮ್ಮ ಓಣಿಯ ಆಡುಗಳು ಒಗೆದ ಬಟ್ಟೆಯನ್ನೂ ಬಿಡುವುದಿಲ್ಲ. ಆದ್ದರಿಂದ ಷರತ್ತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ನೀರು ಕೇಳಬಾರದು. ಬಿಸಿಲಿಗೆ ಸಾಯಬಾರದು. ಆಡು ಮೂಸಬಾರದು. ಯಾರೂ ತಿರುಗಿ ನೋಡದಿದ್ದರೂ ಹನ್ನೆರಡು ತಿಂಗಳು ಹೂ ಬಿಡಬೇಕು. ಇಂಥ ಗಿಡ ಎಲ್ಲಿ ಬೆಳೆಯುತ್ತದೆ ಎಂಬ ಪ್ರಶ್ನೆ ಮಾತ್ರ ನನ್ನ ತಲೆಗೆ ಬರಲಿಲ್ಲ.

ಕಿಟಕಿಯ ಕೆಳಗೆ ಏಳಡಿ ಉದ್ದ, ಮೂರಡಿ ಅಗಲದ ಜಾಗವಿತ್ತು. ಶನಿವಾರ, ಭಾನುವಾರ ಎರಡೂ ದಿನ ಬೆವರು ಸುರಿಸಿ ಅಗೆದೆ, ಕೆಂಪು ಮಣ್ಣು ತುಂಬಿ ನಡುವೆ ಉಬ್ಬುವಂತೆ ಏರಿಸಿದೆ. ಸುತ್ತ ಶಹಾಬಾದ್ ಪರ್ಸಿ ಚಪ್ಪಡಿಯ ತುಂಡುಗಳನ್ನು ಜೋಡಿಸಿದೆ. ಗಾಳಿಗೆ ಆಸರೆಯಾಗಲಿ ಎಂದು ಒಂದು ತುದಿಯಲ್ಲಿ ದೊಡ್ಡ ಪರ್ಸಿಯನ್ನು ನೆಟ್ಟಗೆ ನಿಲ್ಲಿಸಿದೆ. ನಿಂತು ನೋಡಿ ನನಗೇ ಕಣ್ಣು ತುಂಬಿ ಬಂತು, ಅಷ್ಟು ಚೆಂದ!

ಸೋಮವಾರ ರಜೆ ಹಾಕಿ, ಅತ್ತೆಯ ಬಟ್ಟೆಬರೆ ತರಲು ಕಮಲಾಪುರಕ್ಕೆ ಹೋದೆ. ರಸ್ತೆ ಬದಿಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಂಡು ಅರ್ಧ ಅಲ್ಲೇ ತಿಂದು, ಮಕ್ಸೂದ್ ಎಂಬವರ ನರ್ಸರಿ ಹೊಕ್ಕೆ. ಬಿಳಿ ಗಡ್ಡದ ಸಭ್ಯ ಮನುಷ್ಯ. ನಾನು ಚೀಟಿ ತೆಗೆದು ಶಾಸನ ಓದುವವನಂತೆ ಷರತ್ತುಗಳನ್ನು ಓದಿದೆ. ಕೇಳುತ್ತ ಕೇಳುತ್ತ ಅವರ ಮುಖ ಗಂಭೀರವಾಯಿತು.

"ಜಾಗಾ ಎಷ್ಟದ ಸಾಬ್?"

"ಏಳಡಿ ಉದ್ದ, ಮೂರಡಿ ಅಗಲ. ಸುತ್ತ ಪರ್ಸಿ ಹಾಕೀನಿ. ತಲಿಕಡಿ ಒಂದು ಕಲ್ಲೂ ನಿಲ್ಲಿಸೀನ್ರಿ."

ಅವರು ಟೋಪಿ ಸರಿಪಡಿಸಿಕೊಂಡರು. "ಯಾರದ್ರಿ?"

"ನಮ್ಮತ್ತೀದು. ಇದೇ ಊರಾಕಿ. ಹೂವಿನ ದುಂಡಮ್ಮ ಅಂತ..."

"ಯಾ ಅಲ್ಲಾ! ಹೂವಿನ ದುಂಡಮ್ಮಾ?" ಮಕ್ಸೂದ್ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತರು. "ಭಾಳ ಛಲೋ ಹೆಣ್ಮಗಳು. ಹೊಟ್ಟೀ ಬ್ಯಾನಿ ಅಂತ ಕೇಳಿದ್ದೆ. ಮಣ್ಣು ಆಯ್ತೇನ್ರಿ?"

ಓದುಗರೇ, ನಮ್ಮ ಕಡೆ 'ಮಣ್ಣು' ಎಂದರೆ ಗಿಡ ನೆಡುವ ಮಣ್ಣೂ ಹೌದು, ಹೆಣ ಹೂಳುವ ಮಣ್ಣೂ ಹೌದು. ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೆ ಸುತ್ತ ನೂರಾರು ಕುಂಡಗಳ ನಡುವೆ ನಿಂತಿದ್ದ ನನಗೆ ಆ ಹೊತ್ತಿಗೆ ಒಂದೇ ಮಣ್ಣು ನೆನಪಿತ್ತು.

"ನಿನ್ನೇನೇ ಆಗ್ಯದ್ರಿ! ನಾನೇ ಸ್ವತಃ ಕೈಯಾರ ಮಾಡೀನಿ!" ಎಂದು ಎದೆಯುಬ್ಬಿಸಿದೆ.

"ನೀವು ಭಾಗ್ಯವಂತರು. ಮಂದಿ ಬಂದಿತ್ತೇನ್ರಿ?"

"ಮಂದಿ ಯಾಕ ಬೇಕ್ರಿ? ನಾ ಒಬ್ಬನೇ ಸಾಕು! ಅತ್ತೀ ಮಾತು ಯಾರಿಗೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ, ಮನ್ಯಾಗ ಹೆಂಡತಿ ಸಿಟ್ಟಾಗ್ತಾಳ."

ಮಕ್ಸೂದ್ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ ತಾವೇ ಗಿಡ ಆರಿಸಿ ತಂದರು. ಮೊದಲಿಗೆ ಗುಲಾಬಿ ಬಣ್ಣದ ಸದಾಬಹಾರ್, ನಾವು ಸದಾಪುಷ್ಪ ಎನ್ನುವುದು. ಎರಡನೆಯದು ಘಮಘಮಿಸುವ ಸಬ್ಜಾ, ಅಂದರೆ ಕಾಮಕಸ್ತೂರಿ. ಆಮೇಲೆ ಕಣಗಲ. ಕೊನೆಗೆ ಗೊಂಚಲು ಹೂ ಬಿಟ್ಟಿದ್ದ ಬಿಳಿ ಚಂಪಾ, ಕೆಲವರು ದೇವಕಣಗಿಲೆ ಎನ್ನುವುದು. "ಇವು ಯಾರನ್ನೂ ಏನೂ ಕೇಳಂಗಿಲ್ಲ ಸಾಬ್. ಚಂಪಾ ನನ್ನ ಕಡಿಂದ. ಆಕಿಗಿ ಜಾಗಾ ತಂಪಿರ್ಲಿ," ಎಂದು ಕಣ್ಣೊರೆಸಿಕೊಂಡರು.

"ಹೌದ್ರಿ, ಆ ಜಾಗಾ ಭಾಳ ಸೆಕಿ ಅದ," ಎಂದೆ. ಒಬ್ಬ ನರ್ಸರಿಯವನಿಗೆ ರೋಗಿಯ ಮೇಲೆ ಎಷ್ಟು ಕರುಣೆ ಎಂದು ದಾರಿಯುದ್ದಕ್ಕೂ ಮೆಚ್ಚಿಕೊಳ್ಳುತ್ತ ಬಂದೆ.

ಅಂದು ಸಂಜೆಯೇ ನೆಟ್ಟೆ. ಮಲಗಿದಲ್ಲಿಂದ ಅತ್ತೆಗೆ ಕಿಟಕಿಯಲ್ಲಿ ಚಂಪಾದ ತುದಿಯಷ್ಟೇ ಕಾಣುತ್ತಿತ್ತು.

"ಬಿಳೇ ಹೂ ಛಲೋ ಅದ ಮಾಳ್ಯಾ," ಎಂದಳು. "ಆದ್ರ ಒಂದು ವಾಸ್ನಿ ಬರ್ಲಾಕತ್ತದಲ್ಲ, ಇದನ್ನ ನಾ ಎಲ್ಲೋ ನೋಡೀನಿ. ಎಲ್ಲಿ ಅಂತ ಹೊಳೀವಲ್ದು."

"ಕಲಾ, ಅತ್ತಿ, ಕಲಾ!" ಎಂದೆ. ಆ ರಾತ್ರಿ ಅವಳು ಎರಡು ರೊಟ್ಟಿ ತಿಂದಳು. ಎಷ್ಟೋ ದಿನದ ಮೇಲೆ ಎರಡು. ಅಮೃತ ಅಡುಗೆಮನೆಯಲ್ಲಿ ನನ್ನ ಕಡೆ ನೋಡಿ ನಕ್ಕಳು. ಮದುವೆಯಾದ ಮೇಲೆ ಅಂಥ ನಗು ನನಗೆ ಸಿಕ್ಕಿದ್ದು ಅದು ಎರಡನೆಯ ಸಲವೋ ಮೂರನೆಯ ಸಲವೋ.

ಬುಧವಾರ ಮುಂಜಾನೆ ನಾನು ದಾಡಿ ಮಾಡಿಕೊಳ್ಳುತ್ತಿದ್ದೆ. ಅಂಗಳದಿಂದ ಓಣಿಯೇ ಬೆಚ್ಚಿಬೀಳುವಂಥ ಕೂಗು ಕೇಳಿಸಿತು.

"ಅಯ್ಯಯ್ಯೋ ನನ ಗೆಳತೀ! ಒಂದು ಮಾತು ಹೇಳದ ಹೋದೆಲ್ಲೇ!"

ಅರ್ಧ ಮುಖದ ನೊರೆಯೊಂದಿಗೆ ಓಡಿದೆ. ಕಮಲಾಪುರದ ಕಸ್ತೂರಿಬಾಯಿ! ಅತ್ತೆಯ ಪಕ್ಕದಲ್ಲೇ ಕೂತು ನಲವತ್ತು ವರ್ಷ ಹೂ ಮಾರಿದವಳು. ಒಂದು ದೊಡ್ಡ ಚೆಂಡುಹೂವಿನ ಮಾಲೆಯನ್ನು ನನ್ನ ಉದ್ಯಾನದ ಪರ್ಸಿಗೆ ಹಾಕಿ, ನೆಲದ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ನನ್ನನ್ನು ಕಂಡದ್ದೇ ತಡ ದನಿ ಇನ್ನೂ ಏರಿತು.

"ಎಲಾ ಇವನ! ಮನಿ ಮುಂದೇ ಮಣ್ಣು ಮಾಡೀಯಲ್ಲೋ ಮಾಳ್ಯಾ! ಊರಿಗಿ ಒಯ್ಯಾಕ ನಿನಗ ಒಂದು ಗಾಡಿ ಸಿಗಲಿಲ್ಲೇನೋ! ಕಿಟಕಿ ಬುಡಕ ಇಟ್ಟೀಯಲ್ಲೋ!" ಆಮೇಲೆ ಮತ್ತೆ ಮಣ್ಣಿನ ಕಡೆ ತಿರುಗಿ, "ನನ್ನ ಹಿತ್ತಾಳಿ ಕೊಡ ಒಯ್ದಿದ್ದೆಲ್ಲೇ ದುಂಡೀ! ಇನ್ನ ಅದನ್ನ ಯಾರಿಗಿ ಕೇಳ್ಲೇ!"

ಕಿಟಕಿ ತೆರೆಯಿತು.

"ಅಟ್ಟದ ಮ್ಯಾಲ ಅದ. ಕೀಲಿ ತಗೊಂಡು ಹೋಗಿ ಇಳಿಸ್ಕೋ. ಯಾಕ ಬಾಯಿ ಮಾಡ್ತಿ?" ಎಂದಳು ದುಂಡಮ್ಮ.

ಕಸ್ತೂರಿಬಾಯಿ ಕೂತಲ್ಲೇ ಮೇಲೆ ಹಾರಿದಳು. ಅರವತ್ತೈದರ ಹೆಂಗಸು ಅಷ್ಟು ಎತ್ತರ ಹಾರಬಲ್ಲಳೆಂದು ನಾನು ನಂಬಿರಲಿಲ್ಲ! ಗೇಟಿನ ತನಕ ಹೋಗಿ, ತಿರುಗಿ ನೋಡಿ, ದುಂಡಮ್ಮ ಕಿಟಕಿಯಲ್ಲಿ ಕೆಮ್ಮಿದ್ದನ್ನು ಕೇಳಿದ ಮೇಲೆಯೇ ಅವಳಿಗೆ ಉಸಿರು ಬಂತು. ಮಕ್ಸೂದ್ ಯಾರಿಗೂ ಹೇಳಿರಲಿಲ್ಲವಂತೆ, ಅವಳೊಬ್ಬಳಿಗೆ ಬಿಟ್ಟು. ಅವಳು ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಯೇ ಬಸ್ಸು ಹತ್ತಿದ್ದಳು.

ಅಷ್ಟರಲ್ಲಿ ದುಂಡಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅಮೃತ ಹಿಂದೆಯೇ ಓಡಿಬಂದಳು. ಅತ್ತೆ ನನ್ನ ಉದ್ಯಾನವನ್ನು ಮೊದಲ ಬಾರಿಗೆ ಪೂರ್ತಿಯಾಗಿ ನೋಡಿದಳು. ಉಬ್ಬಿದ ಮಣ್ಣು ನೋಡಿದಳು, ಪರ್ಸಿ ನೋಡಿದಳು. ಬಗ್ಗಿ ಒಂದು ಎಲೆ ಕಿತ್ತು ಮೂಸಿದಳು.

"ಈಗ ಹೊಳೀತು. ಸಬ್ಜಾ! ಗೋರಿ ಮ್ಯಾಲ ಹಚ್ಚೂದು. ಇದು ಚಂಪಾ, ಖಬರಸ್ತಾನದ ಗಿಡ. ಇದು ಕಣಗಲ. ಇದು..." ಅವಳ ಬೆರಳು ಸದಾಪುಷ್ಪದ ಮೇಲೆ ನಿಂತಿತು. "ಇದು ಮಸಣದ ಹೂ. ಯಾರ ಆರಿಸ್ಯಾರ ಇವನ್ನ?"

ಮೂವರೂ ನನ್ನ ಕಡೆ ನೋಡಿದರು. ನೊರೆ ಒಣಗಿ ನನ್ನ ಮುಖ ಬಿಗಿಯುತ್ತಿತ್ತು.

"ಮಾಳ್ಯಾ, ಖರೇ ಹೇಳು," ಎಂದಳು ಅತ್ತೆ. ದನಿ ಸಣ್ಣಗಾಗಿತ್ತು. "ನನಗ ಏನಾಗ್ಯದ?"

ಅಮೃತ ಅವಳ ಬೆನ್ನ ಹಿಂದೆ ನಿಂತು ಎರಡೂ ಕೈಯಿಂದ ಬೇಡ ಬೇಡ ಎಂದು ಸನ್ನೆ ಮಾಡಿದಳು. ಸುಮ್ಮನಿದ್ದರೆ ಸಾಕಿತ್ತು. 'ತಪ್ಪಾಯ್ತು, ನಾನು ಸೋಮಾರಿ' ಎಂದಿದ್ದರೂ ಸಾಕಿತ್ತು. ಆದರೆ ನನ್ನ ಕಲೆಯ ಮಾನ ಪಣಕ್ಕಿತ್ತಲ್ಲ! ಆ ಗಿಡದ ಬಗ್ಗೆ ಹಿಂದಿನ ದಿನವಷ್ಟೇ ಮೊಬೈಲಿನಲ್ಲಿ ಓದಿದ್ದೆನಲ್ಲ!

"ಏ ಅತ್ತಿ! ತಿಳೀದವರು ಮಸಣದ ಹೂ ಅಂತಾರ. ಇದು ಭಾರೀ ಔಷಧಿ ಗಿಡ! ಇದರಿಂದ ಕ್ಯಾನ್ಸರಿಗಿ ಔಷಧಿ ತಗೀತಾರ! ನಿನಗಂತನೇ ಆರಿಸಿ ತಂದೀನಿ!"

ಹೇಳಿ ಮುಗಿಸಿದೆ. ಆಮೇಲೆ ನಾನು ಹೇಳಿದ್ದು ನನಗೂ ಕೇಳಿಸಿತು.

ಅಮೃತ ಹೊಸ್ತಿಲ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಕಸ್ತೂರಿಬಾಯಿ ಪರ್ಸಿಯ ಮೇಲಿನ ಮಾಲೆಯನ್ನು ಸದ್ದಿಲ್ಲದೆ ತೆಗೆದು ಚೀಲಕ್ಕೆ ಹಾಕಿಕೊಂಡಳು. ನನಗೆ ನನ್ನ ನಾಲಿಗೆಯನ್ನು ಕಿತ್ತು ಆ ಆಡುಗಳಿಗೆ ಹಾಕಬೇಕು ಎನ್ನಿಸಿತು. ದುಂಡಮ್ಮ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಅಂದು ಊಟ ಮಾಡಲಿಲ್ಲ. ಗುರುವಾರವೂ ಇಲ್ಲ. "ಊರಿಗಿ ಕಳಸ್ರಿ" ಎಂಬುದೊಂದೇ ಮಾತು. ಅಮೃತ ನನ್ನ ಜೊತೆ ಮಾತು ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಗಿಡಗಳನ್ನೆಲ್ಲ ಕಿತ್ತು, ಪರ್ಸಿ ಒಡೆದು, ಮಣ್ಣು ಸಮ ಮಾಡಿದೆ. ಸಮ ಮಾಡಿದ ಮೇಲೆ ಅದು ಇನ್ನೂ ಹೆದರಿಕೆ ಹುಟ್ಟಿಸುವಂತೆ ಕಂಡಿತು.

ಶುಕ್ರವಾರ ಅತ್ತೆ ನನ್ನನ್ನು ಕರೆದಳು. ಎದ್ದು ಕೂತಿದ್ದಳು.

"ಮಾಳ್ಯಾ, ಚೆಂಡುಹೂವಿನ ಬೀಜ ಹಾಕಿದ್ರ ಅರವತ್ತು ದಿನಕ್ಕ ಹೂ. ಸೇವಂತಿ ಹಚ್ಚಿದ್ರ ದೀಪಾವಳಿಗಿ. ಮಲ್ಲಿಗಿ ಹಚ್ಚಿದ್ರ ಮುಂದಿನ ಬ್ಯಾಸಗಿಗಿ. ಡಾಕ್ಟರಿಗಿ ಹೋಗಿ ಕೇಳಿ ಬಾ, ನಾ ಯಾವುದು ಹಚ್ಚಬೇಕಂತ. ಆಮ್ಯಾಲ ಸೋಮವಾರದ ಮಾತು."

"ಅತ್ತಿ, ಹಂಗೆಲ್ಲಾ ಡಾಕ್ಟರಿಗಿ..."

"ನೀ ಆರಸಬ್ಯಾಡ. ಬರೇ ಕೇಳಿ ಬಾ."

ಡಾಕ್ಟರ್ ಪ್ರಿಯದರ್ಶಿನಿ ಇನ್ನೂ ಚಿಕ್ಕ ವಯಸ್ಸಿನವರು. "ಡಾಕ್ಟರೇ, ಚೆಂಡುಹೂವೋ, ಸೇವಂತಿಯೋ, ಮಲ್ಲಿಗೆಯೋ?" ಎಂದು ನಾನು ಒಂದೇ ಉಸಿರಿಗೆ ಕೇಳಿದಾಗ ಆಸ್ಪತ್ರೆಯ ಅಂಗಳಕ್ಕೆ ಗಿಡ ಮಾರಲು ಬಂದವನೆಂದು ತಿಳಿದು, "ಅದನ್ನ ಆಫೀಸಿನಲ್ಲಿ ಕೇಳಿ" ಎಂದರು. ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ಮಲ್ಲಿಗೆಯ ಮಾತು ಈಗ ಬೇಡ," ಎಂದರು. "ಚೆಂಡುಹೂವು ಹಾಕಿ. ಅದು ಅರಳಲಿ, ಆಮೇಲೆ ಮುಂದಿನದು ನೋಡೋಣ. ಆದರೆ ಸೋಮವಾರ ಕರೆದುಕೊಂಡು ಬನ್ನಿ. ಬರದಿದ್ದರೆ ಅದಕ್ಕೂ ನಾನು ಮಾತು ಕೊಡಲಾರೆ."

ಹೊರಗೆ ಬಂದು ಗಾಡಿಗಳ ಸಾಲಿನಲ್ಲಿ ನಿಂತು ಅತ್ತೆಗಾಗಿ ಅತ್ತೆ. ಭಾಷೆಗೆ ಇಂಥ ಹೊತ್ತಿನಲ್ಲೂ ತಮಾಷೆ! ನನ್ನನ್ನು ಎತ್ತಿ ಆಡಿಸಿದವಳು. ನನ್ನವ್ವ ಹೊಡೆದಾಗ ಸೆರಗಿನಲ್ಲಿ ಮುಚ್ಚಿಟ್ಟುಕೊಂಡವಳು. ಅವಳಿಗೆ ಹೋಗಿ ಚೆಂಡುಹೂವು ಎನ್ನುವುದು ಹೇಗೆ?

ಇಲ್ಲ, ಮಲ್ಲಿಗೆ ಎಂದೇ ಹೇಳಬೇಕು! ಸುಳ್ಳಿಗೆ ಸಾಕ್ಷಿಯಾಗಿ ಗಿಡವನ್ನೇ ಒಯ್ಯಬೇಕು! ಮೂರು ನರ್ಸರಿ ಸುತ್ತಿದೆ. ಹಂಗಾಮು ಮುಗಿದಿತ್ತು, ಎಲ್ಲೆಲ್ಲೂ ಬರೀ ಎಲೆ. ಕೊನೆಗೆ ಒಂದು ಕಡೆ, ಒಂದೇ ಒಂದು ಕುಂಡದಲ್ಲಿ, ಮೈತುಂಬ ಮೊಗ್ಗು ಬಿಟ್ಟ ದುಂಡುಮಲ್ಲಿಗೆ ಸಿಕ್ಕಿತು. ನನ್ನ ಜೀವನದಲ್ಲೇ ಅತ್ಯುತ್ತಮ ಆಯ್ಕೆ ಎಂದುಕೊಂಡೆ. ನಾಳೆಯೇ ಅರಳುತ್ತದೆ, ಅತ್ತೆ ಕಣ್ಣಾರೆ ನೋಡುತ್ತಾಳೆ!

ಕುಂಡವನ್ನು ಎದೆಗವಚಿಕೊಂಡು ಬಂದು ಅವಳ ಮುಂದಿಟ್ಟೆ. ಅಮೃತ ಬಾಗಿಲಿಗೆ ಬಂದು ನಿಂತಳು.

"ಮಲ್ಲಿಗಿ ಅಂದ್ರು ಅತ್ತಿ! ಡಾಕ್ಟರು ಕಣ್ಣು ಮುಚ್ಚಿ ಹೇಳಿದ್ರು, ಮಲ್ಲಿಗಿನೇ ಹಚ್ರಿ ಅಂತ!"

ದುಂಡಮ್ಮ ಮೊಗ್ಗುಗಳನ್ನು ಒಂದೊಂದಾಗಿ ಮುಟ್ಟಿದಳು. ನಲವತ್ತು ವರ್ಷ ಮುಟ್ಟಿದ ಬೆರಳು. ಆಮೇಲೆ ನನ್ನನ್ನು ನೋಡಿದಳು.

"ಮುಂದಿನ ಬ್ಯಾಸಗಿ ತನ ಇರಾಕಿಗಿ ಬರೇ ಒಂದು ಕಡ್ಡಿ ತಂದ್ರ ಸಾಕಿತ್ತಲ್ಲ ಮಾಳ್ಯಾ. ಮೊಗ್ಗಿದ್ದದ್ದೇ ಹುಡುಕಿ ತಂದೀ ಯಾಕ?"

ನನ್ನ ಬಾಯಿಗೆ ಆಗ ಬೀಗ ಬಿತ್ತು. ಅಮೃತ ಬಾಗಿಲಲ್ಲೇ ಬಿಕ್ಕಿದಳು.

"ಅಳಬ್ಯಾಡ ಬಾ ಇಲ್ಲಿ," ಎಂದು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬೆನ್ನು ಸವರಿದಳು. ಅವಳ ಕಣ್ಣೂ ತುಂಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, "ಒಂದು ರೊಟ್ಟಿ ಕೊಡು, ಹಸಿವಿ ಆಗ್ಯದ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೋಗಿ ಚೆಂಡುಹೂವಿನ ಬೀಜ ತಾ. ಇವತ್ತೇ ಹಾಕೂಣು. ಸೋಮವಾರ ದವಾಖಾನಿಗಿ ಬರ್ತೀನಿ, ಡಾಕ್ಟರು ಹೇಳಿದಷ್ಟು ಸಲಾಯಿನ್ ಹಚ್ಚಿಸ್ಕೋತೀನಿ. ಅರವತ್ತು ದಿನ ಹ್ಯಾಂಗಾರ ಮಾಡಿ ಇರ್ಲೇಬೇಕು."

"ಇರ್ತೀ ಅತ್ತಿ! ಯಾಕಿರಂಗಿಲ್ಲ! ಅರವತ್ತೇ ಯಾಕ..."

"ಬಾಯಿ ಮುಚ್ಚು. ಹೂ ಬಂದ ಮ್ಯಾಲ ನನ್ನ ಮಾಲಿ ನಾನೇ ಕಟ್ಟಿ ಇಟ್ಟು ಹೋಗ್ತೀನಿ. ನಿನ್ನ ಕೈಯಾಗ ಬಿಟ್ರ ಅದನ್ನೂ ಆರಸಾಕ ಹೋಗ್ತಿ!"